ಮುಯ್ಯಿಗೆ ಕೊಟ್ಟ ಕೂಲಿ

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವರು ನನ್ನ ಸೋದರಮಾವ ಗುರುಪಾದಪ್ಪನವರು. ಮಲ್ಲಿನಕೊಪ್ಪದ ಮಠದಲ್ಲಿ ಅವರು ಬಹಳ ವರ್ಷ ಅಡುಗೆಯ ಸೇವೆ ಮಾಡಿದವರು. ಕಣ್ಣಾರೆ ಕಂಡದ್ದನ್ನು ಬಿಟ್ಟು ಬೇರೆ ಹೇಳುವ ಸ್ವಭಾವ ಅವರದಲ್ಲ. ಕಂಡದ್ದನ್ನಾದರೂ ಒಲೆಯ ಮೇಲಿನ ಪಾತ್ರೆ ಇಳಿಸಿ, ಕೈ ಒರೆಸಿಕೊಂಡು, ಸಾವಕಾಶ ಕೂತ ಮೇಲೆಯೇ ಹೇಳುವವರು. ಅವರು ಹೇಳಿದ ಹಾಗೆಯೇ ಇಲ್ಲಿ ಬರೆಯುತ್ತೇನೆ. ತಪ್ಪಿದ್ದರೆ ಅದು ನನ್ನದು.

ಮಲ್ಲಿನಕೊಪ್ಪ ನೇಕಾರರ ಊರು. ಊರಿನ ಮೂಡಲ ಅಂಚಿಗೆ ಶ್ರೀ ಮುಪ್ಪಯ್ಯ ಅಜ್ಜನವರ ಮಠ. ಮಠವೆಂದರೆ ದೊಡ್ಡದೇನೂ ಅಲ್ಲ. ಕಲ್ಲಿನ ಎರಡು ಕೋಣೆ, ಮುಂದೆ ಮಣ್ಣಿನ ಪಡಸಾಲೆ, ಹಿಂದೆ ಒಂದು ಬಾವಿ. ಪೂಜ್ಯ ಅಜ್ಜನವರು ಗದ್ದುಗೆ ಏರಿ ಕೂತವರಲ್ಲ. ಲಿಂಗಪೂಜೆ ಮುಗಿದ ಮೇಲೆ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು, ದಾಸೋಹಕ್ಕೆ ಬೇಕಾದ ಮುತ್ತುಗದ ಎಲೆಯ ಪತ್ರಾವಳಿ ಹಚ್ಚುತ್ತ ಕೂಡುತ್ತಿದ್ದರು. ಬಂದವರ ಮಾತು ಕೇಳುವಾಗಲೂ ಅವರ ಕೈ ನಿಲ್ಲುತ್ತಿರಲಿಲ್ಲ.

ಬಂದವರ ಮಾತಾದರೂ ಏನಿರುತ್ತಿತ್ತು? ದಿನವೂ ಒಂದೇ. ಒಬ್ಬ ಬಂದು, "ಅಜ್ಜಾರ, ಕೈಯಾಗ ರೊಕ್ಕ ನಿಲ್ಲವಲ್ದು, ಏನರೆ ಮಾಡ್ರಿ" ಎನ್ನುವನು. ಅವನು ಎದ್ದ ಜಾಗದಲ್ಲೇ ಇನ್ನೊಬ್ಬ ಕೂತು, "ಅಜ್ಜಾರ, ರೊಕ್ಕ ಬೇಕಾದಷ್ಟ ಐತಿ, ಮನಸ್ಸಿಗೆ ಸುಖ ಇಲ್ಲ" ಎನ್ನುವನು. ಇದನ್ನೇ ಕೇಳಿ ಕೇಳಿ ಪೂಜ್ಯರಿಗೂ ಬೇಸರವಾಗುತ್ತಿತ್ತು. ಮಹಾತ್ಮರಿಗೆ ಬೇಸರವೇ ಎಂದು ಕೆಲವರು ಹುಬ್ಬು ಏರಿಸುತ್ತಾರೆ. ಆಗುತ್ತಿತ್ತು. ಮುಚ್ಚಿಟ್ಟು ಹೇಳುವುದರಿಂದ ಅವರ ಮಹಿಮೆ ಹೆಚ್ಚುವುದಿಲ್ಲ. ಒಮ್ಮೆ ನನ್ನ ಮಾವನವರತ್ತ ತಿರುಗಿ, "ಗುರುಪಾದ, ಇವರಿಬ್ಬರನ್ನೂ ಎದರಾಬದರ ಕೂಡ್ಸಿ ಹೊರಗಿಂದ ಬಾಗಲಾ ಹಾಕೋ. ಅವರವರ ಮಾತಾಡಿ ಮುಗಿಸಿಕೊಳ್ಳಲಿ. ನನಗರೆ ಎಲಿ ಹಚ್ಚೂದು ಮುಗದೀತು" ಎಂದಿದ್ದರಂತೆ.

ಅಂಥ ದಿನಗಳಲ್ಲೇ ಶಂಕ್ರೆವ್ವ ಮಠಕ್ಕೆ ಬಂದು ಕೂತಳು.

ಬನಶಂಕರೆವ್ವ ಎಂಬುದು ಪೂರ್ಣ ಹೆಸರು. ಊರಿನ ಹೊಸ ಶ್ರೀಮಂತ ಚಂದ್ರಾಮಪ್ಪನ ತಾಯಿ. ಒಂದು ಮುಂಜಾನೆ ಬಂದು ಅಜ್ಜನವರ ಪಾದಕ್ಕೆ ಎರಗಿ, ಸೆರಗು ಸಿಕ್ಕಿಸಿ, ಮೂಲೆಯಲ್ಲಿದ್ದ ಮೊರ ಎಳೆದುಕೊಂಡು ಜೋಳದಲ್ಲಿನ ಕಲ್ಲು ಆರಿಸತೊಡಗಿದಳು. ಸಂಜೆಯಾದರೂ ಏಳಲಿಲ್ಲ. "ಮನೀಗೆ ಹೋಗೂದಿಲ್ಲೇನವ್ವಾ?" ಎಂದು ಮಾವನವರು ಕೇಳಿದರೆ, "ಇನ್ನೂ ಒಂದು ಚೀಲ ಐತಲ್ಲ" ಎಂದಳು. ಮರುದಿನವೂ ಹಾಗೆಯೇ. ಅಡುಗೆಮನೆಯ ಪಕ್ಕದಲ್ಲಿ ಗೋಣಿತಟ್ಟು ಹಾಸಿಕೊಂಡು ಮಲಗುವಳು, ಎದ್ದು ಮತ್ತೆ ಮೊರ ಹಿಡಿಯುವಳು. ಸೊಸೆ ಬಂದು ಕರೆದಳು, ಹೋಗಲಿಲ್ಲ. ಮಗ ಕಾರು ಕಳಿಸಿದ. ಡ್ರೈವರನಿಗೆ ಒಂದು ಪತ್ರಾವಳಿಯಲ್ಲಿ ನುಚ್ಚು ಸಾರು ಬಡಿಸಿ, ಉಂಡ ಮೇಲೆ ಹೋಗು ಎಂದು ಕಳಿಸಿದಳು.

ಕಡೆಗೆ ಒಂದು ಸೋಮವಾರ ಚಂದ್ರಾಮಪ್ಪ ತಾನೇ ಬಂದ.

ಚಂದ್ರಾಮಪ್ಪ ಕೆಟ್ಟ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಓಣಿಯ ಕೈಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಬೆಳೆದವನು. ಬುದ್ಧಿ ಚುರುಕು. ವಿದ್ಯುತ್ ಮಗ್ಗ ಹಾಕಿದ, ಸೊಲ್ಲಾಪುರದ ವ್ಯಾಪಾರಸ್ಥರ ವಿಶ್ವಾಸ ಗಳಿಸಿದ, ಊರ ಹೊರಗೆ ಎರಡಂತಸ್ತಿನ ಮನೆ ಕಟ್ಟಿದ. ಯಾರಿಗೂ ಮೋಸ ಮಾಡಿ ಗಳಿಸಿದ್ದಲ್ಲ. ತಾಯಿಯನ್ನು ಹಳೆಯ ಮನೆಯಿಂದ ಎತ್ತಿಕೊಂಡಂತೆ ಕರೆದೊಯ್ದು ಹೊಸ ಮನೆಯಲ್ಲಿ ಇಟ್ಟಿದ್ದ. ಅದಕ್ಕೇ ಅವನಿಗೆ ಅಷ್ಟು ಸಿಟ್ಟು. ನಮಸ್ಕಾರ ಮಾಡಿ ಏಳುವುದರೊಳಗೆ ಮಾತು ಶುರುವಾಯಿತು.

"ಯಪ್ಪಾ, ನೀವರೆ ಹೇಳ್ರಿ ಈಕಿಗೆ. ಊರ ಮಂದಿ ಏನಂತಾರ? ಮಗ ಕೂಳ ಹಾಕವಲ್ಲ, ಅದಕ್ಕ ಮಠ ಸೇರ್ಯಾಳ ಅಂತಾರ. ನಾ ಏನ ಕಡಿಮಿ ಮಾಡೀನಿ? ಗಾದಿ ಮಂಚ ಮಾಡ್ಸೀನಿ. ತಲಿ ಮ್ಯಾಲೆ ಫ್ಯಾನು. ಅಡಗಿಗೆ ಒಬ್ಬಾಕಿ, ಕಸ ಹೊಡ್ಯಾಕ ಒಬ್ಬಾಕಿ, ಕಾಲ ಒತ್ತಾಕ ಒಬ್ಬಾಕಿ."

ಶಂಕ್ರೆವ್ವ ಮೊರದಿಂದ ತಲೆ ಎತ್ತದೆ ಹೇಳಿದಳು: "ನನ್ನ ಕಾಲು ನೆಟ್ಟಗದಾವು. ಆಕಿ ಒತ್ತಿ ಒತ್ತಿ ನೋವ ಬರಿಸಿದಳು."

"ನೋಡ್ರಿ ಯಪ್ಪಾ, ಹಿಂಗ. ಏನ ಕೊಟ್ಟರೂ ಹಿಂಗ."

"ಏನ ಕೊಟ್ಟರೂ ಅಂತಿ. ಕೊಡೂದು ಬಿಟ್ಟು ಬ್ಯಾರೆ ಏನರೆ ಬರತೈತೇನು ನಿನಗ?"

ಅಂದು ದರ್ಶನಕ್ಕೆ ಬಂದವರಲ್ಲಿ ಪರಊರಿನ ಕಾಳಿನ ವ್ಯಾಪಾರಿಯೊಬ್ಬರಿದ್ದರು. ದೈವಭಕ್ತರು, ಆದರೆ ನಡುವೆ ಬಾಯಿ ಹಾಕುವ ಅಭ್ಯಾಸ. ಅವರು ಕೈಮುಗಿದುಕೊಂಡು, "ತಮ್ಮಾರ, ಬೈಬ್ಯಾಡ್ರಿ ಆಕೀನ್ನ. ರೊಕ್ಕ ಅನ್ನೂದು ಮಾಯಾ. ತಾಯವ್ವಗ ಅದು ತಿಳದೈತಿ, ಬಿಟ್ಟು ಬಂದಾರ. ಎಂಥಾ ವೈರಾಗ್ಯ" ಎಂದರು.

ಮೊರ ನಿಂತಿತು. ಶಂಕ್ರೆವ್ವ ಅವರನ್ನೇ ನೋಡಿದಳು.

"ಯಾರ್ರೀ ನಿಮಗ ಹಂಗ ಹೇಳಿದವ್ರು? ನಾ ಏನೂ ಬಿಟ್ಟು ಬಂದಿಲ್ಲ. ನನ್ನ ಗಂಡ ಕೆಮ್ಮಿ ಕೆಮ್ಮಿ ಸತ್ತ. ದೊಡ್ಡ ದವಾಖಾನಿಗೆ ಒಯ್ಯಿರಿ, ಉಳೀತಾನ ಅಂದಿದ್ರು ಡಾಕ್ಟರು. ಒಯ್ಯಾಕ ಗಾಡಿಖರ್ಚಿಗೆ ಸೈತ ಇರಲಿಲ್ಲ. ಈಗ ಈ ನನ್ನ ಮಗನ ಹಂತ್ಯಾಕ ಇರೂದ್ರಾಗ ಒಂದು ಮುಷ್ಟಿ ಅವತ್ತ ಇದ್ದಿದ್ರ ನನ್ನ ಹಣಿ ಮ್ಯಾಲೆ ಕುಂಕುಮ ಇರತಿತ್ತು. ರೊಕ್ಕ ಮಾಯಾ ಅಂತ ನನ್ನ ಮುಂದ ಅನ್ನಬ್ಯಾಡ್ರಿ. ಬೆರಳಿಗೆ ಅಷ್ಟು ಉಂಗರಾ ಇಟಗೊಂಡಂತೂ ಅನ್ನಬ್ಯಾಡ್ರಿ."

ವ್ಯಾಪಾರಿ ಕೈಯನ್ನು ಶಲ್ಯದೊಳಗೆ ಎಳೆದುಕೊಂಡರು. ಎಲ್ಲರೂ ಅಜ್ಜನವರ ಕಡೆ ನೋಡಿದರು. ಪೂಜ್ಯರು ಒಂದು ಎಲೆಗೆ ಇನ್ನೊಂದು ಎಲೆ ಸೇರಿಸಿ ಕಡ್ಡಿ ಚುಚ್ಚುತ್ತ, "ಶಂಕ್ರೆವ್ವ ಅಂದದ್ದು ಖರೆ ಐತಿ" ಎಂದರು. ಅಷ್ಟೇ.

ಈ ಪ್ರಸಂಗವನ್ನು ಹೇಳುವ ಕೆಲವರು ಇಲ್ಲಿ ಪೂಜ್ಯರ ಬಾಯಿಗೆ ಒಂದು ಉದ್ದನೆಯ ಉಪದೇಶ ತುಂಬುತ್ತಾರೆ. ಹಣವೇ ವಿಷ, ಹಣವೇ ಹಾವು ಎಂದು ಏನೇನೋ. ನಾನು ಎಷ್ಟೋ ಸಲ ತಿದ್ದಿದ್ದೇನೆ. ಮುಂದಿನ ಅಮಾವಾಸ್ಯೆಗೆ ಮಠದಲ್ಲಿ ಸೇರಿದಾಗ ಮತ್ತೆ ಅದನ್ನೇ ಹೇಳುತ್ತಾರೆ. ಸ್ವಾಮಿ, ಅವರು ಹಾಗೆ ಅನ್ನಲಿಲ್ಲ. ಔಷಧಿ ಇಲ್ಲದೆ ಸತ್ತವನ ಹೆಂಡತಿಯ ಎದುರಿಗೆ ಹಾಗೆ ಅನ್ನುವ ಕಠಿಣ ಹೃದಯ ಪೂಜ್ಯರದಾಗಿರಲಿಲ್ಲ.

ಚಂದ್ರಾಮಪ್ಪನಿಗೆ ಈಗ ಇನ್ನಷ್ಟು ತಲೆ ಕೆಟ್ಟಿತು. "ಹಂಗಾದ್ರ ತಪ್ಪು ಯಾರದ್ರಿ ಯಪ್ಪಾ? ರೊಕ್ಕದ್ದಲ್ಲ ಅಂತ ಆಕಿನ ಅಂತಾಳ. ನಂದಲ್ಲ ಅಂತ ನಾ ಅಂತೀನಿ. ಮತ್ತ ಯಾಕ ಬರವಲ್ಲಳು?"

"ಅಲ್ಲಿ ಬಂದು ನಾ ಏನ ಮಾಡ್ಲಿ?" ಎಂದಳು ಶಂಕ್ರೆವ್ವ.

ಆಗ ಅಜ್ಜನವರ ಕೈ ನಿಂತಿತು. ಮಾತು ಕೇಳುವಾಗ ಅವರ ಕೈ ನಿಂತದ್ದನ್ನು ಮಾವನವರು ಅದುವರೆಗೆ ಕಂಡಿರಲಿಲ್ಲವಂತೆ.

"ಚಂದ್ರಾಮ, ಈ ಊರಾಗ ನಿನಗ ಯಾರು ಬೇಕಾಗ್ಯಾರ?"

ಅವನು ಎದೆ ಸೆಟೆಸಿ ಹೇಳಿದ: "ಯಾರೂ ಬೇಕಾಗಿಲ್ರಿ. ನಿಮ್ಮ ಆಶೀರ್ವಾದದಿಂದ ಒಬ್ಬರ ಹಂಗೂ ಇಲ್ದಂಗ ಮಾಡ್ಕೊಂಡೀನಿ. ಮಗ್ಗಕ್ಕ ಗಂಜಿ ಹಚ್ಚಿ ನೂಲು ಸುತ್ತಿದ ಬೀಮು ಸೊಲ್ಲಾಪುರದಿಂದ ಲಾರಿ ಮ್ಯಾಲೆ ಬರ್ತಾವ. ನೀರಿಗೆ ಬೋರು ಐತಿ. ಓಣಿಗೆ ಕಾಲಿಡೋ ಕೆಲಸ ಇಲ್ಲ."

ಪೂಜ್ಯರು, "ನಿನಗ ಯಾರೂ ಬ್ಯಾಡಾದ್ರು. ನಿಮ್ಮವ್ವಗ ಎಲ್ಲಾರೂ ಬೇಕು. ನಾಳೆ ಮುಂಜಾನೆ ನಿಮ್ಮ ಹಳೇ ಓಣ್ಯಾಗ ತಮ್ಮಣ್ಣೆಪ್ಪನ ಹಾಸು ಐತಂತ. ಹೋಗಿ ಕುಂಚ ಹಿಡಿ. ಏನೂ ಕೊಡಬ್ಯಾಡ" ಎಂದರು.

ಮತ್ತೆ ಎಲೆ ಎತ್ತಿಕೊಂಡರು. ಮಾತು ಮುಗಿಯಿತು ಎಂದು ಅದರ ಅರ್ಥ.

ಇಲ್ಲಿ ನೇಕಾರರ ಒಂದು ರೂಢಿಯನ್ನು ಹೇಳಬೇಕು. ಕೈಮಗ್ಗಕ್ಕೆ ಏರಿಸುವ ಮೊದಲು ಸೀರೆಯ ಉದ್ದನೆಯ ಎಳೆಗಳನ್ನು, ಅದಕ್ಕೇ ಹಾಸು ಎನ್ನುವುದು, ಓಣಿಯ ಈ ತುದಿಯಿಂದ ಆ ತುದಿಯವರೆಗೆ ಕವೆಗೋಲಿನ ಮೇಲೆ ಬಿಗಿದು ಗಂಜಿ ಹಚ್ಚಬೇಕು. ಬಿಸಿಲು ಏರುವುದರೊಳಗೆ ಉದ್ದಕ್ಕೂ ಕುಂಚ ಎಳೆದು ಮುಗಿಸಬೇಕು. ಇಲ್ಲವಾದರೆ ಗಂಜಿ ಹೆಪ್ಪುಗಟ್ಟಿ ಎಳೆಗೆ ಎಳೆ ಅಂಟುತ್ತದೆ. ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಆದ್ದರಿಂದ ಓಣಿಯ ಎಲ್ಲ ಮನೆಯವರೂ ಬಂದು ಕೈ ಹಚ್ಚುತ್ತಾರೆ. ಇಂದು ನಿಮ್ಮ ಮನೆಯದಕ್ಕೆ ನಾವು, ನಾಳೆ ನಮ್ಮದಕ್ಕೆ ನೀವು. ಇದಕ್ಕೆ ಮುಯ್ಯಿ ಎನ್ನುತ್ತಾರೆ. ಚಹಾ, ಚುರುಮುರಿ ಬಿಟ್ಟರೆ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ. ಗಂಡಸರು ಕುಂಚ ಎಳೆದರೆ ಹೆಂಗಸರು ಹಾಸಿನ ಗುಂಟ ನಡೆಯುತ್ತ ಹರಿದ ಎಳೆಗಳನ್ನು ಹುಡುಕಿ ಕಟ್ಟುತ್ತಾರೆ. ಈ ಎಳೆ ಕಟ್ಟುವ ಕೆಲಸಕ್ಕೆ ಮದುವೆಯಾಗಿ ಬಂದ ವರ್ಷದಿಂದ ಶಂಕ್ರೆವ್ವ ಹೋಗದ ಮನೆ ಇರಲಿಲ್ಲ. ಗಂಡ ಸತ್ತ ಸೂತಕ ಕಳೆದ ಮರುದಿನವೂ ಓಣಿಯ ಹೆಂಗಸರು ಅವಳನ್ನು ಕರೆದುಕೊಂಡು ಹೋದದ್ದು ಇದಕ್ಕೇ.

ಹೊಸ ಮನೆಗೆ ಹೋಗುವ ಮುಂಚೆ ಚಂದ್ರಾಮಪ್ಪ ಹಳೆಯ ಮನೆಯಲ್ಲಿ ಕಡೆಯ ಸಲ ಒಂದು ಹಾಸು ಹೂಡಿದ್ದ. ಓಣಿ ಎಂದಿನಂತೆ ಬಂದು ದುಡಿಯಿತು. ಕೆಲಸ ಮುಗಿದ ಮೇಲೆ ಅವನು ತಾಟಿನಲ್ಲಿ ಎಲೆ ಅಡಿಕೆ ಇಟ್ಟು, ಒಬ್ಬೊಬ್ಬರಿಗೂ ಒಂದೊಂದು ನೋಟು ಕೊಟ್ಟ. ಅವನ ಎಣಿಕೆ ಸರಳ: ನನಗೆ ದೇವರು ಕೊಟ್ಟಿದ್ದಾನೆ, ಇವರು ಬಡವರು, ಸುಮ್ಮನೆ ಯಾಕೆ ದುಡಿಸಿಕೊಳ್ಳಬೇಕು? ಅವರೂ ತೆಗೆದುಕೊಂಡರು. ಒಳ್ಳೆಯದನ್ನು ಮಾಡಿದೆ ಎಂದು ಅವನು ಮರೆತೂ ಬಿಟ್ಟಿದ್ದ.

ಮರುದಿನ ಮುಂಜಾನೆ ಅಜ್ಜನವರ ಅಪ್ಪಣೆಯಂತೆ ಮಾವನವರೂ ಓಣಿಗೆ ಹೋದರು. ಚಂದ್ರಾಮಪ್ಪ ಇಸ್ತ್ರಿಯ ಧೋತರದಲ್ಲಿ ಬಂದು ನಿಂತಿದ್ದ. ಕುಂಚ ಹಿಡಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಮುದುಕ, "ಏನ್ರೀ ಸಾವಕಾರ್ರ, ಮೋಟಾರು ಕೆಟ್ಟತೇನು?" ಎಂದ. ಇನ್ನೊಬ್ಬ, "ಬೀಮು ತಂದ ಲಾರಿ ದಾರಿ ತಪ್ಪಿರಬೇಕು" ಎಂದ.

ಚಂದ್ರಾಮಪ್ಪ ಹಲ್ಲು ಕಚ್ಚಿ, "ಅಜ್ಜಾರ ಅಪ್ಪಣಿ. ಒಂದು ಕುಂಚ ಕೊಡ್ರಿ" ಎಂದ.

ತಮ್ಮಣ್ಣೆಪ್ಪ ಹಾಸಿನ ಯಜಮಾನ. ಚಂದ್ರಾಮಪ್ಪನ ಹಳೆಯ ಮನೆಯ ಪಕ್ಕದ ಗೋಡೆಯವನು. ಅವನೇ ಕುಂಚ ಕೊಟ್ಟ. ಕೆಲಸ ಶುರುವಾಯಿತು. ಆದರೆ ಕೈಗೆ ಕೆಲಸ ಮರೆತುಹೋಗಿತ್ತು. ಒತ್ತಿದರೆ ಹೆಚ್ಚು ಒತ್ತುವನು, ಬಿಟ್ಟರೆ ಪೂರಾ ಬಿಡುವನು. ಅವನು ಹೋದ ದಾರಿಯಲ್ಲೆಲ್ಲ ಎಳೆಗಳು ಹರಿದು ಜೋತುಬಿದ್ದವು. "ಹಾಸು ಬಾಚಾಕತ್ತಿಯೋ, ಹೊಲಾ ಹರಗಾಕತ್ತಿಯೋ" ಎಂದು ಆ ಮುದುಕ ಗದರಿದ. ಸಾವಕಾರ ಎನ್ನುವುದನ್ನು ಮರೆತು ಗದರಿದ. ಚಂದ್ರಾಮಪ್ಪನೂ ಮರೆತು, "ತಡೀಯೋ ಕಾಕಾ, ಹಿಡೀಲಿಕ್ಕೆ ಬರವಲ್ದು" ಎಂದ. ಹೇಗೋ ಗಂಜಿ ಹಚ್ಚುವುದು ಮುಗಿಯಿತು. ಧೋತರ ಮೊಣಕಾಲಿನವರೆಗೆ ಗಂಜಿ.

ಅವನು ಬೆವರು ಒರೆಸಿಕೊಂಡು ಕಟ್ಟೆಯ ಮೇಲೆ ಕೂತಾಗ ತಮ್ಮಣ್ಣೆಪ್ಪನ ಹೆಂಡತಿ ನೀಲವ್ವ ಒಳಗಿಂದ ತಾಟು ತಂದಳು. ತಾಟಿನಲ್ಲಿ ಎಲೆ, ಅಡಿಕೆ, ಮೇಲೆ ಒಂದು ನೋಟು.

"ಏನಿದು?"

"ತಗೋರಿ. ಕಡಿಮಿ ಆದ್ರ ಹೇಳ್ರಿ" ಎಂದ ತಮ್ಮಣ್ಣೆಪ್ಪ. ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ. ಸಾಲ ತಂದ ನೋಟು ಅದೆಂದು ಮಾವನವರಿಗೆ ಗೊತ್ತಿತ್ತು.

ಚಂದ್ರಾಮಪ್ಪನ ಮುಖ ಕೆಂಪೇರಿತು. "ನಾ ಕೂಲಿಗೆ ಬಂದಿಲ್ಲ."

"ನಾವೂ ಅವತ್ತ ಕೂಲಿಗೆ ಬಂದಿರಲಿಲ್ಲ."

ಚಂದ್ರಾಮಪ್ಪ, "ನಾ ಒಳ್ಳೇದಂತ ಕೊಟ್ಟೆ" ಎಂದ.

"ಕೊಟ್ರಿ. ನಮ್ಮ ಮನ್ಯಾಗ ಹಿಟ್ಟು ಇರಲಿಲ್ಲ, ಬ್ಯಾಡ ಅನ್ನಾಕ ಆಗಲಿಲ್ಲ. ಆ ರೊಕ್ಕ ಉಪಯೋಗಾನೂ ಆತು, ಸುಳ್ಳ ಯಾಕ ಹೇಳ್ಲಿ. ಆದ್ರ ಅವತ್ತಿನಿಂದ ನಿಮ್ಮವ್ವನ್ನ ಎಳಿ ಕಟ್ಟಾಕ ಕರೀಲಿಕ್ಕೆ ನಮಗ ಬಾಯಿ ಬರಲಿಲ್ಲ. ಕರದ್ರ ಕೂಲಿ ಕೊಡಬೇಕಲ್ಲ, ಎಲ್ಲಿಂದ ಕೊಡೋಣು? ಎರಡು ಸಲ ಆಕಿನ ಬಂದು ಕಟ್ಟಿ ಮ್ಯಾಲೆ ಕುಂತಿದ್ಲು. ಕೈ ಹಚ್ಚು ಅಂತ ಯಾರೂ ಅನ್ನಲಿಲ್ಲ. ಎದ್ದು ಹೋದ್ಲು. ಆಮ್ಯಾಲೆ ಬರಲಿಲ್ಲ."

ಚಂದ್ರಾಮಪ್ಪ ತಾಟನ್ನು ನೋಡುತ್ತ ಕೂತ. ಅವನಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಅವನಿಗೇ ತಿಳಿಯಲಿಲ್ಲ. ಅವ್ವ ಇದನ್ನು ತನಗೆ ಹೇಳಬಾರದಿತ್ತೇ? ಹೇಳಿದ್ದರೆ ತಾನೇನು ಮಾಡುತ್ತಿದ್ದೆ? ಮತ್ತೊಂದು ನೋಟು ಕೊಟ್ಟು ಸರಿ ಮಾಡುತ್ತಿದ್ದೆ. ಈಗಲೂ ಕೈ ಕಿಸೆಯ ಕಡೆಗೇ ಹೋಗಿತ್ತು. ಏನೂ ಕೊಡಬ್ಯಾಡ ಎಂದಿದ್ದ ಪೂಜ್ಯರ ಮಾತು ಆಗ ನೆನಪಾಗಿ, ಆ ಕೈ ಅಲ್ಲೇ ನಿಂತಿತು. ಕೊಡಲು ಏನೂ ಇಲ್ಲದ ಮನುಷ್ಯ ಏನು ಮಾಡುತ್ತಾನೆ? ಕೇಳುತ್ತಾನೆ. ಇದು ಅವನಿಗೆ ಹೊಳೆಯಲು ಬಹಳ ಹೊತ್ತು ಹಿಡಿಯಿತು.

"ನೀಲವ್ವಕ್ಕ" ಎಂದ. ತಾಟನ್ನು ಅವಳ ಕಡೆಗೆ ಸರಿಸಿದ. "ನೀಲವ್ವಕ್ಕ, ನಮ್ಮವ್ವ ನನ್ನ ಮಾತು ಕೇಳವಲ್ಲಳು. ನೀ ಒಂದೀಟು ಬಂದು ಕರೀತೀಯೇನು?"

ನೀಲವ್ವ ಗಂಡನ ಮುಖ ನೋಡಿದಳು. ಆಮೇಲೆ ತಾಟನ್ನು ಒಳಗೆ ಇಟ್ಟು, ಕೈ ಒರೆಸಿಕೊಂಡು ಚಂದ್ರಾಮಪ್ಪನ ಜೊತೆ ಕಾರಿನಲ್ಲಿ ಹೊರಟಳು.

ಮಠದಲ್ಲಿ ಶಂಕ್ರೆವ್ವ ಮೊರ ಹಿಡಿದೇ ಇದ್ದಳು. ನೀಲವ್ವ ಅಜ್ಜನವರಿಗೆ ನಮಸ್ಕರಿಸಿ, ಸಮಾಧಾನದ ಮಾತು ಒಂದನ್ನೂ ಆಡದೆ, ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಏ ಶಂಕ್ರೆವ್ವಕ್ಕ, ಇಲ್ಲಿ ಕಲ್ಲ ಆರಿಸ್ಕೋತ ಕುಂತೀಯಲ್ಲ, ಅಲ್ಲಿ ನಿನ್ನ ಮಗ ನನ್ನ ಹಾಸಿನ್ಯಾಗ ಎಷ್ಟು ಎಳಿ ಹರದಾನ ಗೊತ್ತೈತೇನು? ಬಿಸಲು ಏರಾಕತ್ತೈತಿ. ಯಾರು ಕಟ್ಟಬೇಕು ಅವನ್ನ?"

"ಅಂವ ಕುಂಚ ಹಿಡದಿದ್ನೇನು?"

"ಹಿಡದಿದ್ದ. ಕಸಬರಗಿ ಹಿಡದಂಗ."

ಶಂಕ್ರೆವ್ವ ಮೊರ ಕೆಳಗಿಟ್ಟಳು. "ಅವರಪ್ಪ ಎಷ್ಟು ಬಡದು ಕಲಿಸಿದ್ದ. ಎಲ್ಲಾ ನೀರಾಗ ಹಾಕಿದ" ಎಂದು ಗೊಣಗುತ್ತ ಎದ್ದಳು. ಬಾಗಿಲಲ್ಲಿ ಮಗ ನಿಂತಿದ್ದ, ಧೋತರಕ್ಕೆ ಗಂಜಿ ಮೆತ್ತಿಕೊಂಡು. ಅವಳು ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು, ಸೆರಗಿನ ತುದಿಯಿಂದ ಅವನ ಗಲ್ಲಕ್ಕೆ ಹತ್ತಿದ್ದ ಗಂಜಿಯನ್ನು ಒರೆಸಿದಳು. "ನಡಿ. ನಿಂತ ಏನ ನೋಡ್ತಿ? ಒಣಗತೈತಿ."

ಡ್ರೈವರ್ ಕಾರಿನ ಬಾಗಿಲು ತೆಗೆದ. ಅವಳು ನೋಡದೆ ನಡೆದುಬಿಟ್ಟಳು. ಹಿಂದೆ ಮಗ. ಅಂದು ಸಂಜೆಯವರೆಗೂ ಕಾರು ಮಠದ ಮುಂದೆಯೇ ನಿಂತಿತ್ತು. ಅದನ್ನು ಮನೆಗೆ ಒಯ್ಯಲು ಹೇಳಬೇಕೆಂಬುದೂ ಚಂದ್ರಾಮಪ್ಪನಿಗೆ ನೆನಪಾಗಲಿಲ್ಲ. ಪೂಜ್ಯರು ಅವಳು ಬಿಟ್ಟ ಮೊರವನ್ನು ತಮ್ಮ ಕಡೆಗೆ ಎಳೆದುಕೊಂಡು ಉಳಿದ ಕಲ್ಲು ಆರಿಸಿದರು.

ಅಂದು ಸಂಜೆ ಎಳೆ ಕಟ್ಟಿ ಮುಗಿಸಿ ಶಂಕ್ರೆವ್ವ ಮಗನ ಮನೆಗೇ ಹೋದಳು. ಚಂದ್ರಾಮಪ್ಪ ಮಗ್ಗ ಮಾರಲಿಲ್ಲ, ಆಸ್ತಿ ದಾನ ಮಾಡಲಿಲ್ಲ, ಕಾವಿ ಉಡಲಿಲ್ಲ. ಹಾಗೆ ಮಾಡಿದ ಎಂದು ಹೇಳುವವರೂ ಇದ್ದಾರೆ. ಅವರಿಗೆ ಏನು ಹೇಳುವುದು. ಅವನ ಗಳಿಕೆ ಆಮೇಲೆ ಇನ್ನೂ ಹೆಚ್ಚಿತು. ಆದರೆ ಓಣಿಯಲ್ಲಿ ಯಾರದೇ ಹಾಸು ಇದ್ದರೂ ಅವನು ಬಂದು ಕುಂಚ ಹಿಡಿಯುತ್ತಿದ್ದ. ಬೆಳಗಾಗುವ ಮುಂಚೆ ಅವನ ಗೇಟಿನ ಮುಂದೆ ನಿಂತು "ಶಂಕ್ರೆವ್ವಕ್ಕ, ಹಾಸು ಐತಿ" ಎಂದು ಹೆಂಗಸರು ಕೂಗುವುದು ಶುರುವಾಯಿತು. ಕಾವಲಿನವನು ಇದಕ್ಕೆ ಬೇಸತ್ತು, ಗೇಟಿಗೆ ಬೀಗ ಹಾಕುವುದನ್ನೇ ಬಿಟ್ಟ.

ಮುಂದೆ ಚಂದ್ರಾಮಪ್ಪನ ಮಗಳ ಮದುವೆಯಾಯಿತು. ಪೇಟೆಯಿಂದ ಅಡುಗೆಯವರನ್ನು ಕರೆಸುವ ಶಕ್ತಿ ಇತ್ತು, ಕರೆಸಲಿಲ್ಲ. ಮನೆ ಮನೆಗೆ ಹೋಗಿ, ಬಂದು ಕೈ ಹಚ್ಚಿರಿ ಎಂದು ಕೇಳಿಕೊಂಡ. ಓಣಿಗೆ ಓಣಿಯೇ ಬಂದು ಹೋಳಿಗೆ ತಟ್ಟಿತು, ಚಪ್ಪರ ಕಟ್ಟಿತು, ಜಗಳವನ್ನೂ ಆಡಿತು. ಆ ದಿನಗಳಲ್ಲಿ ಅವನ ಕೈ ಎಷ್ಟೋ ಸಲ ಕಿಸೆಗೆ ಹೋಗಿ, ಏನೂ ಹಿಡಿಯದೆ ಹೊರಗೆ ಬಂದದ್ದನ್ನು ಮಾವನವರು ಕಂಡಿದ್ದಾರೆ. ಮದುವೆ ಮುಗಿಸಿ ಮಠಕ್ಕೆ ಬಂದು ಪಾದಕ್ಕೆ ಹಣೆ ಹಚ್ಚಿ, "ಯಪ್ಪಾ, ಗಳಸೂದು ಕಲತಿದ್ದೆ, ಕೊಡೂದೂ ಕಲತಿದ್ದೆ. ಬೇಡೂದು ಇಷ್ಟು ಕಠಿಣ ಇರತೈತಿ ಅಂತ ಗೊತ್ತಿರಲಿಲ್ಲ" ಎಂದ. ಹೇಳುತ್ತ ಹೇಳುತ್ತ ಅತ್ತುಬಿಟ್ಟ. ಮನೆ ತುಂಬ ಜನ ಉಂಡು ಹೋದ ದಣಿವು, ಸಂತೋಷ ಎರಡೂ ಆ ಅಳುವಿನಲ್ಲಿ ಇದ್ದವು. ಪೂಜ್ಯರು ಒಂದು ಕಟ್ಟು ಮುತ್ತುಗದ ಎಲೆಯನ್ನು ಅವನ ಮುಂದೆ ತಳ್ಳಿ, "ಕುಂಡ್ರು. ನನಗೂ ಒಂದು ಕೈ ಬೇಕಾಗಿತ್ತು" ಎಂದರು.

ಓದಿದ ತಾಯಂದಿರು, ಅಣ್ಣಂದಿರು ಇದನ್ನು ಇನ್ನೊಬ್ಬರಿಗೆ ಹೇಳಬೇಕೆಂದು ನನ್ನ ಪ್ರಾರ್ಥನೆ. ಸಾಧ್ಯವಾದರೆ ಹಪ್ಪಳ ಒತ್ತುವಾಗಲೋ, ಕಾಳು ಹಸನು ಮಾಡುವಾಗಲೋ, ನಾಲ್ಕು ಜನರ ಕೈ ಆಡುತ್ತಿರುವಾಗ ಹೇಳಿ. ಹೇಳಿದ್ದಕ್ಕೆ ಯಾರಾದರೂ ಕಾಣಿಕೆ ಕೊಡಲು ಬಂದರೆ ದಯಮಾಡಿ ತೆಗೆದುಕೊಳ್ಳಬೇಡಿ. ಅವರಿಂದಲೂ ಒಂದು ಪ್ರಸಂಗ ಹೇಳಿಸಿಕೊಂಡು ಮನೆಗೆ ಬನ್ನಿ.